ಮೂವತ್ತೊಂಬತ್ತನೆಯ ಪೆಟ್ಟಿಗೆ

ಟಂಗ್‌ಸ್ಟನ್ನಿನಷ್ಟು ಹಟಮಾರಿ ಲೋಹ ಇನ್ನೊಂದಿಲ್ಲ. ಕಬ್ಬಿಣ ಕರಗಿ ನೀರಾಗುವ ಕಾವಿನಲ್ಲಿ ಅದು ಸುಮ್ಮನೆ ಬೆಳಗುತ್ತ ಕೂತಿರುತ್ತದೆ; ಅದರ ಹಟ ಮುರಿಯಬೇಕೆಂದರೆ ಮೂರು ಸಾವಿರದ ನಾನೂರು ಡಿಗ್ರಿ ದಾಟಬೇಕು. ಅಂಥ ಲೋಹ ಬಿಳಿಕಲ್ಲು ಸಮ್ಮಿಳನ ಸ್ಥಾವರದ ಹೊಟ್ಟೆಯೊಳಗೆ ಬಿಸಿಲಿಗಿಟ್ಟ ಬೆಲ್ಲದಂತೆ ಅಂಚು ಕರಗಿ ಇಳಿದಿರುವುದನ್ನು ಸೋಮವಾರ ಬೆಳಗ್ಗೆ ಹತ್ತೂವರೆಗೆ ಅಲ್ಲಿನ ಎಂಜಿನಿಯರ್ ಕುಮುದಿನಿ ಕ್ಯಾಮೆರಾ ಪರದೆಯ ಮೇಲೆ ನೋಡಿದಳು. ನೋಡಿದಾಗ ಅವಳಿಗೆ ಮೊದಲು ಆದದ್ದು ಗಾಬರಿಯಲ್ಲ, ಖುಷಿ. ಯಾಕೆಂದರೆ ಆ ಟಂಗ್‌ಸ್ಟನ್ ಪೆಟ್ಟಿಗೆಗಳನ್ನು ಎರಡು ವರ್ಷದ ಹಿಂದೆ ಅಲ್ಲಿ ಕೂರಿಸಿದವಳು ಅವಳ ಅತ್ತೆ, ಶಂಕ್ರವ್ವ.

ಸ್ವಂತ ಅತ್ತೆಯ ಕೆಲಸ ಕೆಟ್ಟಿತೆಂದು ಖುಷಿಪಡುವ ಸೊಸೆಯೇ ಎಂದು ಯಾರಾದರೂ ಮೂಗು ಮುರಿದರೆ ಮುರಿಯಲಿ. ಎರಡು ವರ್ಷ ಒಂದೇ ಮನೆಯಲ್ಲಿದ್ದು, ಒಂದೇ ಒಲೆಯ ಮುಂದೆ ನಿಂತು, ಹೆಸರು ಹಿಡಿದು ಒಮ್ಮೆಯೂ ಕರೆಯದ ಮುದುಕಿಯ ಜೊತೆ ಬಾಳಿ ನೋಡಿದವರಿಗೆ ಗೊತ್ತು ಅದರ ಕಷ್ಟ.

ಸ್ಥಾವರದ ವಿಷಯ ಇಷ್ಟು. ಕೃಷ್ಣೆಯ ಹಿನ್ನೀರಿನ ದಂಡೆಯಲ್ಲಿ ಉಕ್ಕಿನ ದೊಡ್ಡ ಉಂಗುರವೊಂದಿದೆ, ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ಹತ್ತು ಕೋಟಿ ಡಿಗ್ರಿಯ ಪ್ಲಾಸ್ಮಾ ಸುತ್ತುತ್ತದೆ. ಅದನ್ನು ಯಾವ ಗೋಡೆಯೂ ತಡೆಯಲಾರದು. ಆಯಸ್ಕಾಂತಗಳು ಅದನ್ನು ಟೊಳ್ಳಿನ ನಡುವೆಯೇ ಹಿಡಿದು ನಿಲ್ಲಿಸುತ್ತವೆ. ಹೈಡ್ರೋಜನ್ ಕೂಡಿ ಹೀಲಿಯಂ ಆದಾಗ ಆ ಹೀಲಿಯಂ ಬೂದಿಯನ್ನು ಹೊರಗೆಳೆಯಬೇಕಲ್ಲ, ಅದಕ್ಕೆ ಉಂಗುರದ ತಳದುದ್ದಕ್ಕೂ ಒಂದು ಕಾಲುವೆ. ಜೋಡಣೆಗೆ ಬಂದ ಹೆಂಗಸರು ಅದನ್ನು ಬೂದಿಗುಣಿ ಎಂದು ಕರೆದರು, ಕೊನೆಗೆ ವಿಜ್ಞಾನಿಗಳೂ ಹಾಗೇ ಕರೆಯತೊಡಗಿದರು. ಬೂದಿಗುಣಿಯ ಸುತ್ತ ಐವತ್ನಾಲ್ಕು ಪೆಟ್ಟಿಗೆಗಳು, ಅವುಗಳ ಮೇಲ್ಮೈಯೆಲ್ಲ ಟಂಗ್‌ಸ್ಟನ್, ಒಳಗೆ ತಂಪಿಗೆ ನೀರಿನ ಕೊಳವೆ. ಪ್ಲಾಸ್ಮಾದ ಗಾಳಿ ಆ ಮೇಲ್ಮೈಯನ್ನು ಸವರಿಕೊಂಡು ಹೋಗುತ್ತದೆ, ನೇರ ಹೊಡೆಯುವುದಿಲ್ಲ. ಎಲ್ಲವೂ ಸಮತಟ್ಟಾಗಿದ್ದರೆ ಯಾವುದಕ್ಕೂ ಏನೂ ಆಗುವುದಿಲ್ಲ. ಒಂದು ಪೆಟ್ಟಿಗೆ ಪಕ್ಕದ್ದಕ್ಕಿಂತ ಅರ್ಧ ಮಿಲಿಮೀಟರು ತಲೆ ಎತ್ತಿತೋ, ಗಾಳಿಯ ಪೂರಾ ಹೊಡೆತ ಅದರ ಅಂಚಿಗೆ.

ಉಂಗುರದ ನೆಲ ಅಲ್ಲಲ್ಲಿ ಕೂದಲೆಳೆಯಷ್ಟು ಏರುತಗ್ಗಾಗಿತ್ತು. ಹೀಗಾಗಿ ಐವತ್ನಾಲ್ಕು ಸ್ಥಾನಗಳನ್ನೂ ಅಳೆದು, ಒಂದೊಂದು ಪೆಟ್ಟಿಗೆಗೂ ಅದರ ಸ್ಥಾನಕ್ಕೆ ತಕ್ಕ ದಪ್ಪದ ಅಡಿತಗಡು ಕೊಟ್ಟಿದ್ದರು. ಸಂಖ್ಯೆಯ ಪ್ರಕಾರ ಕೂರಿಸಬೇಕು, ಅಷ್ಟೆ. ಸರಿಯಾಗಿ ಕೂತಿತೋ ಇಲ್ಲವೋ ನೋಡಲು ಆ ಸೊಟ್ಟ ಸಂದುಗಳಿಗೆ ಯಾವ ಮೀಟರೂ ಇಳಿಯುತ್ತಿರಲಿಲ್ಲ. ಉಂಗುರಕ್ಕಿದ್ದ ಎರಡು ಬಾಗಿಲುಗಳ ಎದುರಿನ ಪೆಟ್ಟಿಗೆಗಳನ್ನು ಮಾತ್ರ ಅಳೆಯಬಹುದಿತ್ತು. ಉಳಿದದ್ದಕ್ಕೆ ಬೆರಳೇ ಗತಿ. ಆಗ ಯಾರಿಗೋ ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವ ಹೆಂಗಸರು ನೆನಪಾದರು. ಕತ್ತಲಲ್ಲೂ ಒಂದೆಳೆ ಹರಿದದ್ದನ್ನು ಬೆರಳಲ್ಲಿ ಹಿಡಿಯುವ ಹೆಂಗಸರು, ಮಗ್ಗ ನಿಂತು ಮನೆಯಲ್ಲಿ ಕೂತಿದ್ದರು. ಅರವತ್ತೆರಡು ಮಂದಿ ಬಂದರು, ಶಂಕ್ರವ್ವ ಅವರ ಮುಂದಾಳು. ಕೆಲಸ ಮುಗಿದ ಮೇಲೆ ಪಕ್ಕದಲ್ಲೇ ಏಳಲಿದ್ದ ಎರಡನೆಯ ಉಂಗುರದ ಜೋಡಣೆಯೂ ಅವರಿಗೇ ಎಂದು ಮಾತಾಗಿತ್ತು. ಆ ಮಾತಿನ ಮೇಲೆ ಅರವತ್ತೆರಡು ಸಂಸಾರ ಊರು ಬಿಟ್ಟು ಸ್ಥಾವರದ ಕಾಲೊನಿಗೆ ಬಂದು ಕೂತಿದ್ದವು.

ಕುಮುದಿನಿ ಚಿತ್ರಗಳನ್ನು ತೆಗೆದುಕೊಂಡು ಸ್ಥಾವರದ ಮುಖ್ಯಸ್ಥ ಗಲಗಲಿ ಸಾಹೇಬರ ಕೋಣೆಗೆ ಹೋದಳು. ಅವರು ಕನ್ನಡಕ ಮೇಲೇರಿಸಿ ನೋಡಿ, ಇಷ್ಟೇನಾ ಎಂದರು. ಇಷ್ಟು ದಿನ ಬರೀ ಹೈಡ್ರೋಜನ್ ಹಾಕಿ ಕಡಿಮೆ ಶಕ್ತಿಯಲ್ಲಿ ಓಡಿಸಿದ್ದರು. ಕಳೆದ ವಾರ ಮೊದಲ ಸಲ ಅರ್ಧ ಶಕ್ತಿಗೆ ಏರಿಸಿದ್ದಕ್ಕೇ ಹೀಗಾಗಿತ್ತು. ಶುಕ್ರವಾರ ನಿಜವಾದ ಇಂಧನ ಹಾಕಿ, ಪೂರ್ಣ ಶಕ್ತಿಯಲ್ಲಿ ನಾನೂರು ಸೆಕೆಂಡು ಓಡಿಸಿ ತಪಾಸಣಾ ಸಮಿತಿಗೆ ತೋರಿಸಬೇಕಿತ್ತು. ಅದನ್ನು ಮುಂದೂಡುವ ಮಾತೇ ಇಲ್ಲವೆಂದರು. ಅಂಚು ಸ್ವಲ್ಪ ಕರಗಿದರೆ ನುಣ್ಣಗಾಗುತ್ತದೆ, ಅಷ್ಟೇ ತಾನೆ? ಆದರೆ ಕಾರಣ ಕಡತದಲ್ಲಿರಬೇಕು. ಕೈಕೆಲಸದ ಒರಟುತನದಿಂದ ಹೀಗಾಗಿದೆ, ಎರಡನೆಯ ಉಂಗುರಕ್ಕೆ ಯಂತ್ರತೋಳು ತರಿಸುವುದು ಒಳ್ಳೆಯದು ಎಂದು ವರದಿ ಬರೆಯಲು ಹೇಳಿದರು. ಗುರುವಾರ ಹೆಂಗಸರನ್ನು ಕೂಡಿಸಿ ಓದಿ ಹೇಳುವುದು. ವರದಿ ಚೆನ್ನಾಗಿ ಬಂದರೆ ಹೊಸದಾಗಿ ತೆರೆಯುವ ಕರಗು ಅಧ್ಯಯನ ವಿಭಾಗಕ್ಕೆ ಕುಮುದಿನಿಯೇ ಮುಖ್ಯಸ್ಥೆ ಎಂದೂ ಸೇರಿಸಿದರು.

ಬರೆಯುವುದಕ್ಕೆ ಕುಮುದಿನಿಗೆ ಬೇಜಾರೇನೂ ಆಗಲಿಲ್ಲ.

ಸಂಜೆ ಏಳಕ್ಕೆ ಕ್ವಾರ್ಟರ್ಸಿಗೆ ಬಂದಾಗ ಶಂಕ್ರವ್ವ ರೊಟ್ಟಿ ಬಡಿಯುತ್ತಿದ್ದಳು. ಕುಮುದಿನಿಯ ಗಂಡ ಕಾಡಸಿದ್ದ, ವಿದ್ಯುತ್ ಉಪಕೇಂದ್ರದಲ್ಲಿ ಪಾಳಿ ಮಾಡುವವನು, ಮೂಲೆಯಲ್ಲಿ ಕೂತು ಮೊಬೈಲು ತಿಕ್ಕುತ್ತಿದ್ದ. ಇಬ್ಬರ ನಡುವೆ ಬಾಯಿ ಹಾಕಬಾರದೆಂಬುದನ್ನು ಅವನು ಎಂದೋ ಕಲಿತಿದ್ದ. ಕುಮುದಿನಿ ಕೈಕಾಲು ತೊಳೆದು ಬಂದು, ಗಂಡನಿಗೆ ಹೇಳುವ ಹಾಗೆ ಜೋರಾಗಿ, ಬೂದಿಗುಣಿ ಕರಗಿದ್ದನ್ನು ಹೇಳಿದಳು. ಪೆಟ್ಟಿಗೆಗಳು ಸಮ ಕೂತಿಲ್ಲವಂತೆ, ಸಾಹೇಬರು ಕೆಂಡವಾಗಿದ್ದಾರಂತೆ, ಎರಡನೆಯ ಉಂಗುರಕ್ಕೆ ಯಂತ್ರ ಬರುತ್ತದಂತೆ, ಗುರುವಾರ ಹೆಂಗಸರನ್ನೆಲ್ಲ ಕೂಡಿಸಿ ವರದಿ ಓದುತ್ತಾರಂತೆ. ಹೇಳುವಾಗ ನಾಲಿಗೆಗೆ ಸಿಹಿಯಾಯಿತು.

ಶಂಕ್ರವ್ವ ಕೈ ನಿಲ್ಲಿಸಲಿಲ್ಲ. "ಯಾವ್ಯಾವು ಕರಗ್ಯಾವು?" ಎಂದಳು.

ಮೂವತ್ತೊಂಬತ್ತನೆಯದು ಎಲ್ಲಕ್ಕಿಂತ ಹೆಚ್ಚು ಎಂದು ಕುಮುದಿನಿ ಹೇಳಿದಳು. ಉಳಿದವುಗಳಲ್ಲೂ ಒಂದು ತಲೆ ಎತ್ತಿದೆ, ಇನ್ನೊಂದು ತಗ್ಗಿದೆ, ಹೇಳಿಕೊಳ್ಳುವ ಹಾಗೇ ಇಲ್ಲ.

"ನೆಟ್ಟಗ ಇದ್ದವು ಎಷ್ಟು?"

"ಎರಡ. ಒಂದನೇದು, ಇಪ್ಪತ್ತೆಂಟನೇದು."

ಬಡಿಯುವ ಸಪ್ಪಳ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಕಪ್ಪಗಾಯಿತು. ಶಂಕ್ರವ್ವ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಎರಡು ವರ್ಷದಲ್ಲಿ ಮೊದಲ ಸಲ ಸೊಸೆಯ ಮುಖ ನೋಡಿ ಮಾತಾಡಿದಳು.

"ಅವೆರಡ ಯಾಕ ನೆಟ್ಟಗ ಅದಾವು ಅಂತ ನಾಳೆ ಆಫೀಸಿನ್ಯಾಗ ಕುಂತು ಲೆಕ್ಕಾ ಹಾಕು. ಗುರುವಾರತನಕ ನಾ ಬಾಯಿ ತೆರಿಯೂದಿಲ್ಲ."

ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ಕುಮುದಿನಿಗೆ ಚುಚ್ಚಿತು. ಮಗ್ಗದ ಮುದುಕಿಯಿಂದ ಲೆಕ್ಕ ಕಲಿಯಬೇಕೇ ತಾನು ಎಂದುಕೊಂಡು ಉಣ್ಣದೆ ಎದ್ದಳು.

ಮಂಗಳವಾರ ಹಟಕ್ಕೆ ಬಿದ್ದೇ ಲೆಕ್ಕ ಹಾಕಿದಳು. ಅಡಿತಗಡುಗಳ ರಿಜಿಸ್ಟರ್ ತೆರೆದು, ಪರದೆಯ ಮೇಲಿನ ಏರುತಗ್ಗುಗಳ ಪಕ್ಕ ಇಟ್ಟಳು. ಮೂವತ್ತೊಂಬತ್ತನೆಯ ಸ್ಥಾನಕ್ಕೆ ಎರಡು ಪಾಯಿಂಟ್ ಒಂದು ಮಿಲಿಮೀಟರಿನ ತಗಡು ಬೇಕಿತ್ತು. ಅಲ್ಲಿ ಕೂತಿರುವ ಪೆಟ್ಟಿಗೆ ಎತ್ತಿರುವುದನ್ನು ನೋಡಿದರೆ ಅಡಿಯಲ್ಲಿರುವುದು ಎರಡು ಪಾಯಿಂಟ್ ಏಳು. ಆ ದಪ್ಪದ ತಗಡು ರಿಜಿಸ್ಟರಿನಲ್ಲಿ ಒಂದೇ ಒಂದು, ಹದಿನೇಳನೆಯ ಪೆಟ್ಟಿಗೆಯದು. ಹದಿನೇಳು ಮೂವತ್ತೊಂಬತ್ತರ ಜಾಗದಲ್ಲಿದ್ದರೆ, ಹದಿನೆಂಟು ಮೂವತ್ತೆಂಟರಲ್ಲಿರಬೇಕು. ಇತ್ತು. ಎರಡು ಐವತ್ನಾಲ್ಕರಲ್ಲಿ, ಐವತ್ನಾಲ್ಕು ಎರಡರಲ್ಲಿ. ಇಡೀ ಉಂಗುರವನ್ನು ತಿರುವುಮುರುವಾಗಿ ಎಣಿಸಿದರೆ ಒಂದೊಂದು ಅಳತೆಯೂ ತಾಳೆಯಾಯಿತು. ಹಾಗೆ ಎಣಿಸಿದಾಗ ತಮ್ಮ ಜಾಗದಲ್ಲೇ ಉಳಿಯುವುದು ಎರಡೇ ಪೆಟ್ಟಿಗೆ, ಒಂದು ಮತ್ತು ಅದರ ಎದುರಿನ ಇಪ್ಪತ್ತೆಂಟು. ದುರದೃಷ್ಟವೆಂದರೆ ಉಂಗುರದ ಎರಡು ಬಾಗಿಲುಗಳಿದ್ದದ್ದೂ ಅವೆರಡರ ಎದುರಿಗೇ. ಮೀಟರು ಇಳಿದದ್ದು ಅಲ್ಲಿ ಮಾತ್ರ, ಎರಡೂ ಕಡೆ ಸರಿ ಎಂದಿತ್ತು.

ಖಣದ ಚಿತ್ತಾರವನ್ನು ಬಲದಿಂದ ಎಣಿಸುವ ಬದಲು ಎಡದಿಂದ ಎಣಿಸಿದರೆ ನಡುವಿನ ಎಳೆ ಮಾತ್ರ ತನ್ನ ಜಾಗದಲ್ಲಿ ಉಳಿಯುತ್ತದೆ. ನಲವತ್ತು ವರ್ಷ ಮಗ್ಗದ ಮುಂದೆ ಕೂತವಳಿಗೆ ಇದು ತಿಳಿಯಲು ರಿಜಿಸ್ಟರ್ ಬೇಕಿರಲಿಲ್ಲ.

ಹಾಗಾದರೆ ತಿರುವುಮುರುವು ಮಾಡಿದವರು ಯಾರು? ಕುಮುದಿನಿ ಅದನ್ನು ಹುಡುಕಬೇಕಾಗಿಯೇ ಇರಲಿಲ್ಲ. ವಿನ್ಯಾಸ ಕಚೇರಿಯಿಂದ ಬಂದ ನಕ್ಷೆ ಇಂಗ್ಲಿಷಿನಲ್ಲಿತ್ತು. ಮೇಲಿನಿಂದ ನೋಡಿದ ಉಂಗುರ, ಸಂಖ್ಯೆ ಎಡಸುತ್ತಾಗಿ ಏರುತ್ತದೆ ಎಂದು ಮೂಲೆಯಲ್ಲಿ ಸಣ್ಣಕ್ಷರದ ಟಿಪ್ಪಣಿ. ಒಳಗೆ ಬಣ್ಣ ಬಳಿಯುವಂತಿಲ್ಲ, ಗೀರು ಹಾಕುವಂತಿಲ್ಲ, ಒಂದನೆಯ ಬಾಗಿಲಿನಿಂದ ಎಣಿಸುತ್ತ ಹೋಗಬೇಕು. ಹೆಂಗಸರಿಗೆ ತಿಳಿಯಲೆಂದು ಕನ್ನಡದಲ್ಲಿ ಗೋಡೆಯಗಲದ ಚಾರ್ಟು ಬರೆದುಕೊಟ್ಟವಳು ಕುಮುದಿನಿ. ಉಂಗುರ ಬರೆದು ಒಂದು, ಎರಡು, ಮೂರು ಎಂದು ಬಲಸುತ್ತಾಗಿ ತುಂಬುತ್ತ ಹೋಗಿದ್ದಳು. ಆರತಿ ಎತ್ತುವುದು ಬಲಸುತ್ತು, ಗುಡಿ ಸುತ್ತುವುದು ಬಲಸುತ್ತು, ಮದುವೆಯಲ್ಲಿ ಅಗ್ನಿ ಸುತ್ತುವುದೂ ಬಲಸುತ್ತು. ಎಡಸುತ್ತು ನಮ್ಮಲ್ಲಿ ಹೆಣಕ್ಕೆ ಮಾತ್ರ. ಕೈ ತಾನಾಗಿ ಹಾಗೆ ಹೋಗಿತ್ತು. ಆ ಚಾರ್ಟಿನ ಮುಂದೆ ನಿಂತ ಅರವತ್ತೆರಡು ಹೆಂಗಸರಿಗಾಗಲಿ, ಅದರ ಮೇಲೆ ಸಹಿ ಹಾಕಿದ ಗಲಗಲಿ ಸಾಹೇಬರಿಗಾಗಲಿ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಕಂಡಿರಲಿಲ್ಲ, ನಿಜ. ಆದರೆ ಒಬ್ಬಳ ಬೆರಳಿಗೆ ತಾಗಿತ್ತು. ಜೋಡಣೆಯ ನಡುವೆ ಒಂದು ದಿನ ಶಂಕ್ರವ್ವ ಕೆಲಸ ನಿಲ್ಲಿಸಿ ಹೊರಗೆ ಬಂದು, ಬೆರಳಿಗೆ ಅಂಚು ತಡೆಯುತ್ತಿದೆ, ಎಲ್ಲೋ ಏನೋ ತಪ್ಪಿದೆ ಎಂದಿದ್ದಳು. ಅಂದು ಕುಮುದಿನಿ ಎಲ್ಲರೆದುರು, ಮೀಟರು ಸರಿ ಅನ್ನುತ್ತಿದೆ, ನಿಮ್ಮ ಬೆರಳು ಮೀಟರಿಗಿಂತ ದೊಡ್ಡದೇನು ಅತ್ತಿ ಎಂದು ಕೇಳಿದ್ದಳು. ಹೆಂಗಸರು ನಕ್ಕಿದ್ದರು. ಶಂಕ್ರವ್ವ ಕೈಗವಸು ಹಾಕಿಕೊಂಡು ಮತ್ತೆ ಒಳಗಿಳಿದಿದ್ದಳು, ಅಂದಿನಿಂದ ಸೊಸೆಯ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ.

ಈಗ ಹೇಳಿಬಿಟ್ಟರೆ? ಹೇಳಿದರೆ ಎಲ್ಲ ಸರಿಮಾಡಬಹುದಿತ್ತು. ಬರೀ ಹೈಡ್ರೋಜನ್ ಓಡಿಸಿದ ಉಂಗುರದೊಳಗೆ ವಿಕಿರಣವಿಲ್ಲ, ಮನುಷ್ಯರು ಇಳಿಯಬಹುದು. ಅದೇ ಹೆಂಗಸರು ಮೂರು ತಿಂಗಳಲ್ಲಿ ಪೆಟ್ಟಿಗೆಗಳನ್ನು ಅದಲುಬದಲು ಮಾಡಿ ಮುಗಿಸುತ್ತಿದ್ದರು. ಶುಕ್ರವಾರ ನಿಜವಾದ ಇಂಧನ ಹೊತ್ತಿದರೆ ಮುಗಿಯಿತು. ಉಂಗುರವೇ ವಿಕಿರಣ ಸೂಸತೊಡಗುತ್ತದೆ, ಇನ್ನು ಒಂದು ತಲೆಮಾರು ಯಾರೂ ಒಳಗೆ ಕಾಲಿಡುವಂತಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಕುಮುದಿನಿಗೆ ಕಂಡದ್ದು ಒಂದೇ ದೃಶ್ಯ: ತಾನು ತುಂಬಿದ ಸಭೆಯಲ್ಲಿ ಎದ್ದು ನಿಂತು ತಪ್ಪು ನನ್ನದು ಎನ್ನುವುದು, ಶಂಕ್ರವ್ವ ಅದನ್ನು ಕೂತು ಕೇಳುವುದು. ಕೆಲಸ ಹೋಗುವ ಭಯವಿತ್ತು, ಇಲ್ಲವೆಂದಲ್ಲ. ಆದರೆ ಆ ಮುದುಕಿಯ ಮುಂದೆ ತಲೆ ತಗ್ಗಿಸುವುದು ಅದಕ್ಕಿಂತ ಕಹಿಯಾಗಿತ್ತು. ಗೋಡೆಯ ಚಾರ್ಟು ಎಂದೋ ರದ್ದಿಗೆ ಹೋಗಿತ್ತು, ಕಂಪ್ಯೂಟರಿನಲ್ಲಿ ಒಂದು ಪ್ರತಿ ಉಳಿದಿತ್ತು. ಮಧ್ಯಾಹ್ನ ಊಟಕ್ಕೆ ಏಳುವ ಮೊದಲು ಅದನ್ನು ಅಳಿಸಿದಳು.

ಬುಧವಾರ ಶಂಕ್ರವ್ವ ಸೊಸೆಗೆ ತಾಟು ಇಟ್ಟು ರೊಟ್ಟಿ ಬಡಿಸಿದಳು. ಎರಡು ವರ್ಷದಲ್ಲಿ ಎಂದೂ ಬಡಿಸಿದವಳಲ್ಲ, ಇವತ್ತೇಕೆ ಈ ನಾಟಕ ಎಂದು ಕುಮುದಿನಿಗೆ ಇನ್ನಷ್ಟು ಉರಿಯಿತು.

ಗುರುವಾರ ಸಭಾಂಗಣದಲ್ಲಿ ಅಧಿಕಾರಿಗಳಿಗೆ ಕುರ್ಚಿ, ಹೆಂಗಸರಿಗೆ ಗೋಡೆ. ಗಲಗಲಿ ಸಾಹೇಬರು ವರದಿಯನ್ನು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಓದಿದರು. ಒರಟು ಕೈಕೆಲಸ, ಅಜಾಗರೂಕತೆ, ತರಬೇತಿಯ ಕೊರತೆ. ಹೆಂಗಸರಲ್ಲಿ ಒಬ್ಬಳು ಗೋಡೆಗೆ ಒರಗಿದಳು. ಶಂಕ್ರವ್ವ ಒಂದು ಹೆಜ್ಜೆ ಮುಂದೆ ಬಂದಳು.

"ಸಾಹೇಬರ, ನಾವು ಒರಟು ಕೆಲಸ ಮಾಡಿದ್ದರ ಎಲ್ಲಾವೂ ಕೆಡಬೇಕಿತ್ತು. ಒಂದು, ಇಪ್ಪತ್ತೆಂಟು ಯಾಕ ನೆಟ್ಟಗ ಅದಾವು? ಅದನ್ನ ನಿಮ್ಮ ಎಂಜಿನಿಯರ ಹೇಳ್ಲಿ."

ಸೊಸೆ ಎನ್ನಲಿಲ್ಲ. ಗಲಗಲಿ ಸಾಹೇಬರು ಬೇಸರದಿಂದ ಕುಮುದಿನಿಯ ಕಡೆ ತಿರುಗಿ, ಅದರಲ್ಲಿ ಏನಾದರೂ ಅರ್ಥವಿದೆಯೇ ಎಂದು ಕೇಳಿದರು. ಗೋಡೆಗುಂಟ ನಿಂತ ಅರವತ್ತೆರಡು ಮಂದಿಯೂ ಅವಳನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬಸ್ಸಿನ ದಾರಿ ನೋಡುವವರ ಹಾಗೆ ನೋಡುತ್ತಿದ್ದರು. ಯಾಕೆ ಹಾಗೆ ನೋಡುತ್ತಾರೆಂದು ಅವಳಿಗೆ ತಿಳಿಯಲಿಲ್ಲ. ಬಾಯಿ ತೆರೆದಾಗ ಬಂದ ದನಿ ಮಾತ್ರ ಗಟ್ಟಿಯಾಗಿತ್ತು.

"ವಿಶೇಷ ಏನಿಲ್ಲ ಸರ್. ಅವೆರಡು ಬಾಗಿಲದ ಎದುರಿನವು. ಅಲ್ಲಿ ಜಾಗ ಹೆಚ್ಚಿತ್ತು, ಬೆಳಕು ಹೆಚ್ಚಿತ್ತು. ಅದಕ್ಕ ಸರಿ ಕುಂತಾವು."

ಎಂಥ ಒಪ್ಪವಾದ ಸುಳ್ಳು! ಅಧಿಕಾರಿಗಳು ತಲೆದೂಗಿದರು. ಶಂಕ್ರವ್ವ ಹಿಂದಕ್ಕೆ ಸರಿದು ಹೆಂಗಸರ ಸಾಲಿನಲ್ಲಿ ನಿಂತಳು, ಅವರಲ್ಲಿ ಒಬ್ಬರೂ ಅವಳ ಕಡೆ ನೋಡಲಿಲ್ಲ.

ಶುಕ್ರವಾರ ಹನ್ನೊಂದಕ್ಕೆ ನಿಯಂತ್ರಣ ಕೋಣೆಯಲ್ಲಿ ಸಮಿತಿಯವರು ಹಾರ ಹಾಕಿಸಿಕೊಂಡು ಕೂತರು. ಇಂಧನ ಹೋಯಿತು, ಉಂಗುರ ಹೊತ್ತಿತು. ನೂರು ಸೆಕೆಂಡಿಗೆ ಚಪ್ಪಾಳೆ. ಕುಮುದಿನಿ ಒಂದೇ ಪರದೆಯ ಮುಂದೆ ಕೂತಿದ್ದಳು, ಮೂವತ್ತೊಂಬತ್ತರ ಪರದೆ. ನೂರಾ ನಲವತ್ತರಲ್ಲಿ ಅಂಚು ಬೆಳ್ಳಗಾಯಿತು. ನೂರಾ ಅರವತ್ತರಲ್ಲಿ ಅದು ಅಲುಗಾಡತೊಡಗಿತು. ಗಟ್ಟಿ ಲೋಹ ಅಲುಗಾಡುವುದಿಲ್ಲ, ನೀರಾದದ್ದು ಅಲುಗಾಡುತ್ತದೆ. ನೂರಾ ಎಪ್ಪತ್ತಮೂರನೆಯ ಸೆಕೆಂಡಿಗೆ ಒಂದು ಹನಿ ಅಂಚಿನಿಂದ ಕಿತ್ತು ಪ್ಲಾಸ್ಮಾದೊಳಗೆ ಹಾರಿತು. ಟಂಗ್‌ಸ್ಟನ್ನಿನ ಪರಮಾಣು ಭಾರದ್ದು, ಒಳಹೊಕ್ಕರೆ ಕಾವನ್ನೆಲ್ಲ ಹೀರಿ ಬೆಳಕಾಗಿ ಚೆಲ್ಲಿಬಿಡುತ್ತದೆ. ಸಮ್ಮಿಳನ ಬಾಂಬಿನಂತೆ ಸಿಡಿಯುವುದಿಲ್ಲ, ದೀಪದಂತೆ ಆರಿಹೋಗುತ್ತದೆ. ಆದರೆ ಆರುವಾಗ ಹತ್ತು ಕೋಟಿ ಡಿಗ್ರಿ ಎಲ್ಲಾದರೂ ಇಳಿಯಬೇಕಲ್ಲ? ಅದು ಎದ್ದುನಿಂತ ಅಂಚುಗಳ ಮೇಲೆಲ್ಲ ಒಂದೇ ಏಟಿಗೆ ಇಳಿಯಿತು. ನೆಲ ದಡ್ಡೆಂದಿತು. ಮೂರು ಪೆಟ್ಟಿಗೆಗಳ ನೀರಿನ ಕೊಳವೆ ಒಡೆದು ಉಂಗುರದ ತುಂಬ ಹಬೆ ತುಂಬಿತು, ಪರದೆಗಳೆಲ್ಲ ಕಪ್ಪಾದವು.

ಯಾರಿಗೂ ಗಾಯವಾಗಲಿಲ್ಲ. ಉಂಗುರದ ಬಾಗಿಲಿಗೆ ವಿಕಿರಣದ ಫಲಕ ತೂಗಿತು. ವಾರದೊಳಗೆ ಹೆಂಗಸರು ಕಾಲೊನಿ ಖಾಲಿ ಮಾಡಬೇಕೆಂದು ಆದೇಶ ಬಂತು; ಕಡತದಲ್ಲಿ ಕಾರಣ ಮೊದಲೇ ಸಿದ್ಧವಿತ್ತಲ್ಲ. ಲಾರಿಗಳು ಬಂದವು. ಹೋಗುವಾಗ ಒಬ್ಬೊಬ್ಬರೂ ಶಂಕ್ರವ್ವನ ಮನೆಯ ಮುಂದಿನಿಂದಲೇ ಹಾದುಹೋದರು, ಒಬ್ಬರೂ ನಿಂತು ಹೋಗುತ್ತೇನೆ ಎನ್ನಲಿಲ್ಲ. ಕೊನೆಯ ಲಾರಿಯ ಹಿಂದೆ ಶಂಕ್ರವ್ವನೂ ಒಂದು ಚೀಲ ಹಿಡಿದು ಗುಳೇದಗುಡ್ಡಕ್ಕೆ, ತಂಗಿಯ ಮನೆಗೆ ಹೊರಟಳು. ಕಾಡಸಿದ್ದ ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟುಬಂದು, ಮೂರು ದಿನ ಹೆಂಡತಿಯ ಜೊತೆ ಮಾತಾಡಲಿಲ್ಲ. ಅವನಿಗೆ ಯಾವುದೂ ಗೊತ್ತಿರಲಿಲ್ಲ, ಆದರೂ ಮಾತಾಡಲಿಲ್ಲ.

ಒಂದೂವರೆ ತಿಂಗಳಿಗೆ ಯಂತ್ರತೋಳು ಬಂತು. ಕರಗು ಅಧ್ಯಯನ ವಿಭಾಗದ ಮುಖ್ಯಸ್ಥೆ ಕುಮುದಿನಿ ಹೊಸ ಕುರ್ಚಿಯಲ್ಲಿ ಕೂತು, ತೋಳು ಕೊಳವೆಯೊಡೆದ ಪೆಟ್ಟಿಗೆಗಳಿಗೆ ಕೈ ಹಾಕುವುದನ್ನು ನೋಡುತ್ತಿದ್ದಳು. ಮೊದಲು ಮೂವತ್ತೊಂಬತ್ತು. ತೋಳು ಪೆಟ್ಟಿಗೆಯನ್ನು ಎತ್ತಿ, ತಿರುಗಿಸಿ, ಬೆನ್ನಿಗೆ ಬೆಳಕು ಬಿಟ್ಟಿತು. ಪೆಟ್ಟಿಗೆಗಳ ಬೆನ್ನಿಗೆ ಸಂಖ್ಯೆ ಕೆತ್ತಿರುತ್ತಾರೆ. ಹದಿನೇಳು, ಸ್ಪಷ್ಟವಾಗಿ. ಪರದೆಯ ಮೇಲೆ ಸಾಲೊಂದು ಮೂಡಿತು: ಸ್ಥಾನಕ್ಕೂ ಪೆಟ್ಟಿಗೆಗೂ ತಾಳೆಯಾಗುತ್ತಿಲ್ಲ, ದಾಖಲಿಸಿ ಮುಂದುವರಿಯಲೇ?

ಅವಳು ಹೂಂ ಒತ್ತಿದಳು. ತೋಳು ಮೂವತ್ತೆಂಟಕ್ಕೆ ಹೋಯಿತು. ಹದಿನೆಂಟು. ಮತ್ತೆ ಅದೇ ಪ್ರಶ್ನೆ. ನಲವತ್ತರಲ್ಲಿ ಹದಿನಾರು. ಕೆಟ್ಟವು ಮೂರೇ ಆದರೂ ತೋಳಿಗೆ ಎಲ್ಲವನ್ನೂ ಎತ್ತಿ ನೋಡಲು ಹೇಳಲಾಗಿತ್ತು. ಐವತ್ತೆರಡು ಸಲ ಕೇಳುತ್ತದೆ, ಐವತ್ತೆರಡು ಸಲವೂ ದಾಖಲೆ ನೇರ ವಿನ್ಯಾಸ ಕಚೇರಿಗೆ ಹೋಗುತ್ತದೆ. ಸಂಜೆಯೊಳಗೆ ಅಲ್ಲಿ ಯಾರಾದರೊಬ್ಬರು ಒಂದು ಹಾಳೆಯ ಮೇಲೆ ಎಣಿಸಿ ನೋಡಿ, ಚಾರ್ಟು ಬರೆದವರು ಯಾರು ಎಂದು ಕೇಳುತ್ತಾರೆ. ನಿಲ್ಲಿಸುವ ಗುಂಡಿ ಅವಳ ಕೈಯಲ್ಲೇ ಇತ್ತು. ನಿಲ್ಲಿಸಿ ಏನು ಹೇಳುವುದು?

ಕುಮುದಿನಿ ಫೋನು ತೆಗೆದು ಗುಳೇದಗುಡ್ಡಕ್ಕೆ ಹಚ್ಚಿದಳು. ಬಹಳ ಹೊತ್ತು ಬಾರಿಸಿದ ಮೇಲೆ ಎತ್ತಿದರು. ಆ ಕಡೆ ಮಗ್ಗದ ಸಪ್ಪಳ ನಿಂತಿತು.

"ಅತ್ತಿ, ಚಾರ್ಟು ತಪ್ಪು ಬರದಾಕಿ ನಾನು. ನಿಮ್ಮ ತಪ್ಪಿಲ್ಲ."

"ಗೊತ್ತೈತಿ. ಆ ಸೋಮವಾರನ ಗೊತ್ತಾತು."

"ಹಂಗಾದ್ರ ಮೀಟಿಂಗಿನ್ಯಾಗ ನೀವ ಯಾಕ ಹೇಳ್ಲಿಲ್ಲ?"

ಶಂಕ್ರವ್ವ ದನಿ ಏರಿಸಲಿಲ್ಲ.

"ನಾ ಹೇಳಿದ್ರ ಮಗ್ಗದಾಕಿ ಮಾತು, ಯಾರ ಕೇಳ್ತಿದ್ರು? ನೀ ಹೇಳಬೇಕಿತ್ತು. ನೀ ಹೇಳ್ತಿ ಅಂತ ನಂಬಿದ್ದೆ. ಯಂತ್ರ ಬರೂ ಸುದ್ದಿ ಕೇಳಿ ಅರವತ್ತೆರಡು ಮಂದೀನೂ ಬುಧವಾರ ಸಿಟ್ಟಿಗೆದ್ದು ಸಾಹೇಬನ ಮನಿಗೆ ಹೊಂಟಿದ್ರು. ಸುಮ್ಮನಿರ್ರಿ, ನಾಳೆ ಕುಮುದಾ ಎದ್ದು ನಿಂತು ಎಲ್ಲಾ ಹೇಳ್ತಾಳ, ನನ್ನ ಸೊಸಿ ಸುಳ್ಳಾಡಾಕಿ ಅಲ್ಲ ಅಂತ ಬಾಗಿಲಕ್ಕ ಅಡ್ಡ ನಿಂತಾಕಿ ನಾನು."

ಕುಮುದಿನಿಗೆ ಗೋಡೆಗುಂಟ ನಿಂತವರ ಆ ನೋಟ ಈಗ ಅರ್ಥವಾಯಿತು.

"ಅವರ ಮನಿ ಮನಿಗೆ ಹೋಗಿ ಹೇಳು," ಎಂದಳು ಶಂಕ್ರವ್ವ. "ನನಗ ಹೇಳಬ್ಯಾಡ."

ಫೋನು ಇಡುವ ಮೊದಲೇ ಆ ಕಡೆ ಮಗ್ಗ ಮತ್ತೆ ಶುರುವಾಯಿತು.